ಬೆಟಗೇರಿಯಲ್ಲಿ ಕೊಂಡ ಮಗ್ಗ

ಈ ಹಳೆಯ ಕೈಮಗ್ಗಕ್ಕೆ ಆರು ಸಾವಿರ ಕೊಟ್ಟೆ; ಅವರು ಹೇಳಿದ್ದು ಒಂಬತ್ತು. ಸಾಗವಾನಿ ಕಟ್ಟಿಗೆ, ನನ್ನ ಖಾನಾವಳಿಗೆ ಎರಡು ಮೇಜಾಗುತ್ತದೆ. ನೇಕಾರ ತೀರಿಕೊಂಡು ತಿಂಗಳಾಗಿತ್ತು. ಹೆಂಡತಿ ಶಾಂತವ್ವ ಮಾರುತ್ತಿದ್ದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು.

“ಯಕ್ಕಾ, ಮಗ್ಗ ಬಿಚ್ಚಬೇಕು, ನೂಲು ಕತ್ತರಿಸಿ ಕೊಡ್ರಿ” ಎಂದೆ.

“ನಮ್ಮ ಮಾವನ ಕಾಲದಿಂದ ಈ ನೂಲನ್ನ ಪೂರಾ ಕಡದಿಲ್ರಿ. ಉದ್ದ ನೂಲಿನ ಒಂದು ಹಾಸು ಮುಗೀತಂದ್ರ ಉಳಿದ ಎಳಿಗೆ ಹೊಸಾ ಎಳಿ ಗಂಟು ಹಾಕಿ ಕೆಚ್ಚತೇವಿ.”

ವ್ಯಾಪಾರ ಕೆಡಬಾರದೆಂದು ರೈಲಿನಲ್ಲಿ ಓದಿದ್ದನ್ನು ಹೇಳಿದೆ: “ಹಿಂದ ಗ್ರೀಸ್ ದೇಶದಾಗ ತಿಳಿದವರು ಹೇಳ್ಯಾರ, ಇರೋದು ಯಾವತ್ತೂ ಇಲ್ಲದಂಗ ಆಗೂದಿಲ್ಲ. ಕೂಡಿದ್ದು ಬಿಡತೈತಿ, ಬ್ಯಾರೆ ಥರ ಕೂಡತೈತಿ, ಅಷ್ಟ. ನಿಮ್ಮ ಮಗ್ಗ ಮೇಜಾಗಿ ಇರತೈತಿ.”

ಅವರು ಕತ್ತರಿ ಹಿಡಿದುಕೊಂಡೇ ಕೇಳಿದರು: “ಹಂಗಾದ್ರ ನಮ್ಮನಿಯವ್ರು ಈಗ ಏನಾಗ್ಯಾರ್ರಿ, ಸಾವ್ಕಾರ್ರ?”

ನಾನು ಮಗ್ಗದ ಕಟ್ಟಿಗೆಯನ್ನು ಉಗುರಿನಿಂದ ಕೆರೆದು ನೋಡತೊಡಗಿದೆ. ಅವರು ಬಲತುದಿಯಿಂದ ಒಂದೊಂದೇ ಎಳೆ ಕತ್ತರಿಸತೊಡಗಿದರು.

ನೀವು ಮಗ್ಗ ಕೊಳ್ಳಲು ಹೋದರೆ ಕಟ್ಟಿಗೆಯನ್ನು ಉಗುರಿನಿಂದ ಕೆರೆದು ನೋಡಿ, ಟೆಂಪೋ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ನೂಲು ಕತ್ತರಿಸಿ ಮುಗಿಯುವವರೆಗೆ ಹೊರಗೆ ನಿಂತಿರಿ. ಏನನ್ನೂ ವಿವರಿಸಲು ಹೋಗಬೇಡಿ.