ಬೋಡಕ್‌ದೇವ್‌ನ ಕನ್ನಡ ಕಪಾಟು

ಆ ದೊಡ್ಡ ಪುಸ್ತಕದಂಗಡಿಯಲ್ಲಿ ಕನ್ನಡಕ್ಕೊಂದು ಕಪಾಟು ಬೇಕೆಂದು ಗಲಾಟೆ ಮಾಡಿದವಳು ನಾನೇ. ಇಷ್ಟು ಖಂಡಿತ ನೆನಪಿದೆ. ಉಳಿದದ್ದರ ಬಗ್ಗೆ ಅಷ್ಟು ಧೈರ್ಯವಿಲ್ಲ.

ಊರೂರಿಗೂ ಶಾಖೆಯಿದ್ದ ಅಂಗಡಿ ಅದು. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನಮ್ಮ ಮನೆಗೆ ಹತ್ತಿರದಲ್ಲೇ ಇತ್ತು. ಸಿಕ್ಕ ಕನ್ನಡಿಗರಿಂದೆಲ್ಲ ಸಹಿ ಹಾಕಿಸಿ ಮ್ಯಾನೇಜರಿಗೆ ಅರ್ಜಿ ಕೊಟ್ಟೆ. ಅವರು ಸಂಭಾವಿತ ಗುಜರಾತಿ. ಮೇಲಿನವರೊಡನೆ ವಾದಿಸಿ ಬೆಂಗಳೂರಿನಿಂದ ಪುಸ್ತಕ ತರಿಸಿದರು. ಒಂದೇ ಷರತ್ತು: ದೀಪಾವಳಿಯೊಳಗೆ ಅರ್ಧದಷ್ಟಾದರೂ ಮಾರಾಟವಾಗಬೇಕು, ಇಲ್ಲದಿದ್ದರೆ ಕಪಾಟು ಇರುವುದಿಲ್ಲ.

ನಮ್ಮವರು ಬಂದರು. ಭಾನುವಾರ ಸಂಸಾರ ಸಮೇತ ಬಂದು, ಎ.ಸಿ.ಯ ತಂಪಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಓದಿದರು. ಏಳುವಾಗ ಗುರುತಿಗೆ ಕೈಗೆ ಸಿಕ್ಕ ಚೀಟಿ ಇಟ್ಟು, ಪುಸ್ತಕವನ್ನು ಹಿಂದಿನ ಸಾಲಿಗೆ ತಳ್ಳಿಹೋದರು, ಬೇರೆ ಯಾರಾದರೂ ಕೊಂಡುಬಿಟ್ಟಾರೆಂದು! ಗಂಡ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿದ್ದ ಧಾರವಾಡದ ಅಕ್ಕನೊಬ್ಬರು ನನ್ನ ಕೈಯಿಂದಲೇ ಒಂದು ಕಾದಂಬರಿ ಕಸಿದುಕೊಂಡರು.

"ಅದನ್ನ ಮುಟ್ಟಬ್ಯಾಡ್ರೀ, ನಾ ಇನ್ನೂ ಅರ್ಧಕ್ಕ ಇದೀನಿ."

"ಹಾಗಾದ್ರೆ ತಗೊಂಡುಬಿಡಿ ಅಕ್ಕ."

"ಇಲ್ಲಿ ಯಾಕ? ನಮ್ಮ ಮೈದುನ ಕಂಪ್ಯೂಟರ್‌ನಾಗ ತರಸ್ತಾನ. ಮನೀ ಬಾಗಿಲಿಗೇ ಬರ್ತದ, ಸೋವಿನೂ ಆಗ್ತದ."

"ಕಪಾಟು ತೆಗೆದುಬಿಡ್ತಾರೆ."

"ಹೆಂಗ ತಗೀತಾರ? ಇಷ್ಟು ಮಂದಿ ಬರ್ತೀವಲ್ಲ!"

ತಲೆ ಚಚ್ಚಿಕೊಳ್ಳುವಂತಾಯಿತು. ಸಹಿ ಹಾಕಿದವರಿಗೆಲ್ಲ ಫೋನ್ ಮಾಡಿದೆ. "ಕೊಳ್ಳೋರು ಇರ್ತಾರೆ ಬಿಡಿ" ಎಂದರು. ವಡೋದರಾದಲ್ಲಿ ಓದುತ್ತಿದ್ದ ಕನ್ನಡದ ಹುಡುಗಿಯರಿಬ್ಬರು ರೈಲು ಹತ್ತಿ ಬಂದು, ಶ್ರದ್ಧೆಯಿಂದ ಪುಸ್ತಕಗಳ ಹೆಸರು ಬರೆದುಕೊಂಡು, ಅಲ್ಲಿನ ಫತೇಗಂಜ್‌ನ ಹಾಸ್ಟೆಲಿಗೆ ಮರಳಿ ಅವನ್ನೇ ಇಂಟರ್ನೆಟ್ಟಿನಲ್ಲಿ ತರಿಸಿಕೊಂಡರು.

ದೀಪಾವಳಿ ಕಳೆದು ಹೋದಾಗ ಆ ಕಪಾಟಿನಲ್ಲಿ ಕಾಫಿ ಮಗ್ಗುಗಳೂ ಮೆತ್ತನೆಯ ಕರಡಿಗಳೂ ಕೂತಿದ್ದವು. ಮ್ಯಾನೇಜರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಬೆಹೆನ್‌ಜೀ, ನಿಮ್ಮವರ ಸಾಮಾನು" ಎಂದು ಹಿಂದಿಯಲ್ಲಿ ಹೇಳಿ ಒಂದು ಲಕೋಟೆ ಕೊಟ್ಟರು. ಒಳಗೆ, ವಾಪಸು ಕಳಿಸಲು ಕಟ್ಟುವಾಗ ಪುಸ್ತಕಗಳಿಂದ ಉದುರಿದ, ಗುರುತಿಗಿಟ್ಟ ಚೀಟಿಗಳು: ಬಸ್ ಟಿಕೆಟ್ಟು, ಖಾಕ್ರಾ ತಿಂಡಿಯ ಪೊಟ್ಟಣದ ಚೂರು, ಯಾರದೋ ತರಕಾರಿ ಪಟ್ಟಿ. ಜೊತೆಗೊಂದು ಕೊರಿಯರ್ ರಸೀದಿ, ಇಂಟರ್ನೆಟ್ಟಿನಲ್ಲಿ ಪುಸ್ತಕ ಮಾರುವವರದು. ಅದರ ಮೇಲೆ ನನ್ನ ವಿಳಾಸ.

ಆ ಕಪಾಟಿನಿಂದ ಮೂರು ಪುಸ್ತಕ ಕೊಂಡೆನೆಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ, ನಂಬಿಯೇ ಹೇಳಿದ್ದೇನೆ. ಮೊನ್ನೆ ಮನೆಯೆಲ್ಲ ಹುಡುಕಿದೆ. ಆ ಅಂಗಡಿಯ ಸ್ಟಿಕ್ಕರ್ ಸಿಕ್ಕಿದ್ದು ಒಂದೇ ಪುಸ್ತಕದ ಮೇಲೆ. ಅದು ಗುಜರಾತಿ ಅಡುಗೆಯದು, ಇಂಗ್ಲಿಷಿನಲ್ಲಿ.

ಮರುವರ್ಷ ಅಂಗಡಿಯೇ ಮುಚ್ಚಿತು. ಧಾರವಾಡದ ಅಕ್ಕ ಫೋನಿನಲ್ಲಿ ಕಿಡಿಕಾರಿದರು: "ನೋಡ್ರೀ, ನಮ್ಮನ್ನ ಒಂದು ಮಾತು ಕೇಳಲಿಲ್ಲ!"

"ಹೌದು, ಅನ್ಯಾಯ" ಎಂದೆನಂತೆ ನಾನು. ನೆನಪಿಲ್ಲ. ಡೈರಿಯಲ್ಲಿ ಹಾಗೆಂದು ಬರೆದಿದೆ, ನನ್ನದೇ ಅಕ್ಷರದಲ್ಲಿ.