ನಾಗವೇಣಿಯ ಮೊದಲ ಸುದ್ದಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮುಂಬೈ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಕೂಲಿಗಳು ಸೇರುವ ನಾಕಾದಲ್ಲಿ ಕಲಬುರಗಿ, ರಾಯಚೂರು ಕಡೆಯ ಜನ ಬುತ್ತಿ ಹಿಡಿದು, ಕೆಲಸಕ್ಕೆ ಕರೆಯುವವರ ದಾರಿ ಕಾಯುತ್ತಿದ್ದಾರೆ. ಪೇಪರ್ ಮಾರುವ ನಾಗವೇಣಿ ಮರಾಠಿ ಪತ್ರಿಕೆ ಬಿಡಿಸಿ, ತಮ್ಮೂರ ಕನ್ನಡದಲ್ಲಿ ಗಟ್ಟಿಯಾಗಿ ಸುದ್ದಿ ಹೇಳುತ್ತಾರೆ. ಆದರೆ ಮೊದಲು ಬರುವುದು ಇವತ್ತಿನ ಸುದ್ದಿಯಲ್ಲ, ನಿನ್ನೆಯ ತಪ್ಪು.

“ನಿನ್ನಿ ನೀರು ಬರಂಗಿಲ್ಲ ಅಂತ ಹೇಳಿದ್ದೆ. ಅದು ಬಾಜೂ ಊರು ಕಲ್ಯಾಣದ್ದು, ನಮ್ಮದಲ್ಲ. ತಪ್ಪು ನಂದೇ ಅದರಿ.”

ಸುಮ್ಮನೆ ಕೊಡಗಳನ್ನೆಲ್ಲ ತುಂಬಿಟ್ಟವರು ಗೊಣಗಿ, ಆಮೇಲೆ ನಗುತ್ತಾರೆ.

ಮದುವೆಯಾಗಿ ಸೇಡಂನಿಂದ ಬಂದಾಗ ನಾಗವೇಣಿಗೆ ಮರಾಠಿಯ ಗಂಧಗಾಳಿಯೂ ಇರಲಿಲ್ಲ. ಹಮಾಲಿ ಮಾಡುತ್ತಿದ್ದ ಗಂಡ ಅಂಬಾದಾಸರ ಸೊಂಟ ಬಿದ್ದ ಮೇಲೆ ಪೇಪರ್ ಮಾರಲು ಕೂತರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಕ್ಷರ ಕೂಡಿಸುತ್ತ ಓದು ಕಲಿತರು. ಓದು ಬಾರದ ಕೂಲಿಗಳು ಏನು ಬಂದಿದೆ ಎಂದು ಕೇಳತೊಡಗಿದರು. ಇವತ್ತಿಗೂ ಪೇಪರ್ ಕೊಳ್ಳುವವರು ಬೆರಳೆಣಿಕೆಯಷ್ಟು, ಕೇಳುವವರು ನಾಕಾ ತುಂಬ.

ಹೋದ ವರ್ಷ ಮೊಬೈಲುಗಳಲ್ಲಿ ಮಕ್ಕಳ ಕಳ್ಳರ ವಿಡಿಯೊ ಹರಿದಾಡಿತು. ನಾಗವೇಣಿಯೂ ನಂಬಿದರು. ಪೇಪರಿನಲ್ಲಿ ಇಲ್ಲದ್ದನ್ನು ಅದೇ ಗಟ್ಟಿ ದನಿಯಲ್ಲಿ ಹೇಳಿಬಿಟ್ಟರು. ಮರುದಿನ ಪತ್ರಿಕೆ ಬಿಡಿಸಿದರೆ, ಅದೆಲ್ಲ ಸುಳ್ಳೆಂದು ಪೊಲೀಸರು ಹೇಳಿದ ವರದಿ. ತಲೆಯೆತ್ತಿದರೆ ಎದುರಿನ ಚಾಳಿನ ಸಾಲುಮನೆಗಳ ಮುಂದೆ ಗುಂಪು. ನಡುವೆ, ಹಳೆ ಬಟ್ಟೆ ಪಡೆದು ಪಾತ್ರೆ ಕೊಡುವ ದ್ರೌಪದಿ. ಅವರ ಗಂಟಿನಲ್ಲಿ ಮಕ್ಕಳ ಅಂಗಿಗಳು ಸಿಕ್ಕಿದ್ದವು. ಜನ ಕೈ ಎತ್ತಿಯಾಗಿತ್ತು.

ತನ್ನ ಮಾತೇ ಈ ಹೆಂಗಸಿನ ಜೀವಕ್ಕೆ ಕುತ್ತು ತಂದಿದೆ ಎಂದು ನಾಗವೇಣಿಗೆ ಗೊತ್ತಾಯಿತು. ಪೇಪರ್ ಹಿಡಿದು ಗುಂಪಿನೊಳಗೆ ನುಗ್ಗಿ ದ್ರೌಪದಿಗೆ ಅಡ್ಡ ನಿಂತರು.

“ನಿನ್ನಿ ನಾ ಹೇಳಿದ್ದು ಸುಳ್ಳದ. ಪೇಪರ್‌ದಾಗ ಬಂದದ, ಕೇಳ್ರಿ. ಹೊಡೀಬೇಕಂದ್ರ ಮೊದಲ ನನಗ ಹೊಡೀರಿ.”

ನಲ್ಲಿ ನೀರಿನ ಸುದ್ದಿಗೂ ತಪ್ಪೊಪ್ಪಿಕೊಳ್ಳುವ ಹೆಂಗಸು ಅವರು. ಅವರು ಸುಳ್ಳೆಂದರೆ ಸುಳ್ಳೇ. ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಎಲ್ಲರಿಗಿಂತ ಮುಂದೆ ನಿಂತಿದ್ದ ನಾಕಾದ ಕೂಲಿ ಮಾಪಣ್ಣನೇ ಚೆಲ್ಲಿದ ಅಂಗಿಗಳನ್ನು ಆರಿಸಿ ಗಂಟು ಕಟ್ಟಿಕೊಟ್ಟ, ಚಹಾ ತರಿಸಿದ.

ಈಗ ಯಾವ ವಿಡಿಯೊ ಬಂದರೂ ನಾಕಾದಲ್ಲಿ ಒಂದೇ ಮಾತು, ಪೇಪರ್ ಅಕ್ಕನನ್ನು ಕೇಳಿ ಮುಂದೆ ಕಳಿಸು. ದ್ರೌಪದಿ ಅದೇ ಚಾಳಿನಲ್ಲಿ ಗಂಟು ಹೊತ್ತು, ರಾಜಾರೋಷವಾಗಿ ಕೂಗುತ್ತ ತಿರುಗುತ್ತಾರೆ. ನೋಡಿದರೆ ಮನಸ್ಸು ತುಂಬುತ್ತದೆ.

ನಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ನಿಮ್ಮ ಬಗ್ಗೆ ಬರುತ್ತದೆ ಎಂದರೆ ನಾಗವೇಣಿ ನಗುತ್ತಾರೆ. ಅವರದು ಒಂದೇ ಆಸೆ.

“ಇದ್ದಷ್ಟೇ ಬರೀರಿ. ಹೆಚ್ಚಿಗಿ ಬರದ್ರ, ಸೋಮವಾರ ಮುಂಜಾನಿ ನಾಕಾದಾಗ ನಿಮ್ಮ ತಪ್ಪು ಭೀ ಹೇಳ್ತೀನಿ.”