ಆರು ಅಂಕಿ ಕೇಳಿಸಿಕೊಂಡ ಮುನಿರತ್ನಮ್ಮ

ಬೆಳಿಗ್ಗೆ ಐದೂಮುಕ್ಕಾಲು. ಬೈರಾಪಟ್ಟಣದ ಹಾಲಿನ ಡೈರಿ ಮುಂದೆ ಕ್ಯಾನುಗಳ ಸಾಲು ಬೆಳೆಯುತ್ತಿದೆ. ಒಳಗೆ ಹಾಲು ಪರೀಕ್ಷಿಸುವ ಮುನಿರತ್ನಮ್ಮ ಒಬ್ಬೊಬ್ಬರ ಹಾಲನ್ನೂ ಯಂತ್ರಕ್ಕಿಟ್ಟು ಫ್ಯಾಟ್ ಎಷ್ಟೆಂದು ಕೂಗುತ್ತಾರೆ. ನೂರ ಹತ್ತು ಮನೆಯ ಹಾಲು ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಮೂರು ಮೊಬೈಲುಗಳು ಬಂದು ಕೂತಿವೆ. ಮೂರರದ್ದೂ ಒಂದೇ ದೂರು: ಮೆಸೇಜ್ ಆ್ಯಪ್ ತೆರೆಯುತ್ತಿಲ್ಲ.

"ತಾರೀಕೇ ತಪ್ಪೈತೆ ಕಣಣ್ಣ, ಹತ್ತು ವರ್ಷ ಹಿಂದಕ್ಕೆ ಹೋಗ್ಬುಟ್ಟೈತೆ" ಎಂದು ಮುನಿರತ್ನಮ್ಮ ರೈತ ಕೆಂಚಯ್ಯನವರ ಫೋನಿನ ದಿನಾಂಕ ತಿದ್ದುತ್ತಾರೆ. ಆ್ಯಪ್ ತೆರೆದುಕೊಳ್ಳುತ್ತದೆ.

"ಫೋನ್‌ಗಾದ್ರೂ ವಯಸ್ಸು ಕಮ್ಮಿ ಆಗಿತ್ತಲ್ಲ, ಬುಡವ್ವ" ಎನ್ನುತ್ತಾರೆ ಕೆಂಚಯ್ಯ.

ಪಿಯುಸಿ ಓದಿರುವ ಮುನಿರತ್ನಮ್ಮನಿಗೆ ಈ ಕೆಲಸ ಅಂಟಿದ್ದು ಹಸುಗಳಿಂದ. ಹಸುಗಳಿಗೆ ಲಸಿಕೆ ಹಾಕುವ ದಿನವನ್ನು ಮೆಸೇಜ್ ಆ್ಯಪ್‌ನ ಡೈರಿ ಗುಂಪಿಗೆ ಕಳಿಸಿದರೂ ಹಲವರು ಬರಲಿಲ್ಲ. ವಿಚಾರಿಸಿದರೆ ಅವರೆಲ್ಲರ ಫೋನಲ್ಲೂ ಆ್ಯಪ್ ಲಾಗೌಟ್ ಆಗಿತ್ತು. "ಮೊದ್ಲು ನನ್ ಫೋನಲ್ಲೇ ಒತ್ತಿ ಒತ್ತಿ ಕಲ್ತೆ. ತಪ್ಪು ಕೋಡ್ ಹಾಕಿ ಒಂದಿನ ಪೂರ್ತಿ ನಾನೇ ಆಚೆ ಬಿದ್ದಿದ್ದೆ." ಈಗ ದಿನಕ್ಕೆ ನಾಲ್ಕೈದು ಫೋನು ಅವರ ಮೇಜಿಗೆ ಬರುತ್ತವೆ. ಮತ್ತೆ ಲಾಗಿನ್ ಆಗಲು ಫೋನಿಗೆ ಬರುವ ಆರಂಕಿಯ ಕೋಡ್ ಯಾರದ್ದೇ ಆದರೂ ಅವರು ನೋಡುವುದಿಲ್ಲ. ಫೋನಿನವರು ಅದನ್ನು ಒತ್ತುವಾಗ ಮುಖ ತಿರುಗಿಸಿಕೊಳ್ಳುತ್ತಾರೆ.

ಕಳೆದ ತಿಂಗಳು ಒಂದು ಸಲ ಮಾತ್ರ ಆ ನಿಯಮ ಮುರಿದಿದ್ದಾರೆ.

ಇದೇ ಊರಿನ ಶುಕೂರ್ ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಕೊಡುವವರು. ಅವರಿಗೂ ಹೆಂಡತಿ ವಜೀರಾಗೂ ಕಿವಿ ಕೇಳಿಸದು, ಮಾತು ಬಾರದು. ಹೆರಿಗೆಗೆಂದು ಮಾಗಡಿಯ ತವರಿಗೆ ಹೋಗಿದ್ದ ವಜೀರಾ ಜೊತೆ ವಿಡಿಯೊ ಕಾಲ್‌ನಲ್ಲಿ ದಿನವೂ ಕೈಸನ್ನೆಯ ಮಾತು ನಡೆಯುತ್ತಿತ್ತು. ಅಷ್ಟರಲ್ಲಿ ಬಸ್ಸಿನಲ್ಲಿ ಶುಕೂರ್ ಫೋನ್ ಕಳೆದುಹೋಯಿತು. ಬೇರೆ ಫೋನ್ ಕೊಂಡು ಅದೇ ನಂಬರಿಗೆ ಹೊಸ ಸಿಮ್ ಹಾಕಿಸಿದರೂ ಅದಕ್ಕೆ ಒಂದು ದಿನ ಎಸ್ಸೆಮ್ಮೆಸ್ ಬರುವುದಿಲ್ಲ. ಕೋಡ್ ಇಲ್ಲದೆ ಆ್ಯಪ್ ತೆರೆಯುವುದಿಲ್ಲ. ಬೆಳಿಗ್ಗೆ ಡೈರಿಗೆ ಹಾಲಿಗೆಂದು ಬಂದ ಶುಕೂರ್ ಚೀಟಿಯಲ್ಲಿ ಬರೆದುಕೊಟ್ಟರು: 'ಅವಳಿಗೆ ಹೇಗಿದೆಯೋ ಗೊತ್ತಿಲ್ಲ.'

ಆ್ಯಪ್‌ನಿಂದಲೇ ಕರೆ ಬಂದು ಕೋಡ್ ಹೇಳುವ ಆಯ್ಕೆಯೂ ಉಂಟು. ಕರೆ ನಾಲ್ಕು ಸಲ ಬಂದಿತ್ತು. ಶುಕೂರ್‌ಗೆ ಕೇಳಿಸಬೇಕಲ್ಲ? ಮತ್ತೆ ಮತ್ತೆ ಒತ್ತಿದ್ದಕ್ಕೆ ಈಗ ಐವತ್ತು ನಿಮಿಷ ಕಾಯಬೇಕಿತ್ತು.

"ಏನೂ ಒತ್ಬ್ಯಾಡ ಅಂತ ಬರ್ದು ತೋರಿಸ್ದೆ. ಅವ್ನು ಗಡಿಯಾರ ನೋಡ್ತಾ ಕೂತ, ನಾನು ಕ್ಯಾನ್ ತೊಳೀತಾ ನಿಂತೆ. ಆಮೇಲೆ ಕಾಲ್ ಬಂತು. ಆರು ನಂಬರೂ ಕೇಳುಸ್ಕಂಡು ಅವ್ನ ಅಂಗೈ ಮ್ಯಾಲೆ ಬರ್ದೆ."

ಪರದೆಯ ಮೇಲೆ ವಜೀರಾ ಬಂದರು. ಆಸ್ಪತ್ರೆಯ ಮಂಚ, ಪಕ್ಕದಲ್ಲಿ ಹೆಣ್ಣು ಕೂಸು. ಡಾಕ್ಟರ್ ಹೇಳಿದ್ದ ದಿನಕ್ಕಿಂತ ಹತ್ತು ದಿನ ಮೊದಲೇ ಹೆರಿಗೆಯಾಗಿತ್ತು. ಶುಕೂರ್‌ಗೆ ಮಾತಾಡಲು ಎರಡೂ ಕೈ ಬೇಕಿತ್ತು. ಮುನಿರತ್ನಮ್ಮ ಫೋನ್ ಹಿಡಿದು ನಿಂತರು. "ಅರ್ಧ ಗಂಟೆ ಕಣ್ರೀ. ಕೈ ನೋಯ್ತಿತ್ತು. ಆದ್ರೂ ಇಳಿಸ್ಲಿಲ್ಲ." ಮುಂದಿನ ಬಸ್ಸಿಗೇ ಶುಕೂರ್ ಮಾಗಡಿಗೆ ಹೊರಟರು.

ಈಗೇನು ಆಸೆ ಎಂದರೆ ಮುನಿರತ್ನಮ್ಮ ನಗುತ್ತಾರೆ. "ಚೆನ್ನಾಗಿದೀಯಾ ಅಂತ ಕೈಲಿ ಕೇಳೋದು ಕಲ್ತಿದೀನಿ. ಅವ್ನು ಉತ್ತರ ಹೇಳುದ್ರೆ ಒಂದೂ ಗೊತ್ತಾಗಕಿಲ್ಲ. ಅದೊಂದು ಒಸಿ ಕಲೀಬೇಕು."